ಒಂದೇ ಸಾಫ್ಟ್‌ವೇರ್, ದೇಶಕ್ಕೊಂದು ಬೆಲೆ: ವಿದೇಶದಿಂದ ಕೊಳ್ಳುವಾಗ ಜೇಬಿಗೆ ಬೀಳುವ ನಿಜವಾದ ಲೆಕ್ಕ

2012ರಲ್ಲಿ ಆಸ್ಟ್ರೇಲಿಯಾದ ‘ಚಾಯ್ಸ್’ ಎಂಬ ಗ್ರಾಹಕ ಸಂಘಟನೆ ಅಲ್ಲಿನ ಸಂಸದೀಯ ಸಮಿತಿಯ ಮುಂದೆ ಒಂದು ವಿಚಿತ್ರ ಲೆಕ್ಕ ಇಟ್ಟಿತು. ಮೈಕ್ರೋಸಾಫ್ಟ್‌ನ ವಿಷುವಲ್ ಸ್ಟುಡಿಯೊ ಸಾಫ್ಟ್‌ವೇರಿನ ಅತಿ ದುಬಾರಿ ಆವೃತ್ತಿಗೆ ಅಮೆರಿಕದಲ್ಲಿದ್ದ ಬೆಲೆಗೂ ಆಸ್ಟ್ರೇಲಿಯಾದಲ್ಲಿದ್ದ ಬೆಲೆಗೂ 8,600 ಆಸ್ಟ್ರೇಲಿಯನ್ ಡಾಲರ್‌ಗಿಂತ ಹೆಚ್ಚಿನ ಅಂತರವಿತ್ತು. ಆ ಹಣದಲ್ಲಿ ಒಬ್ಬ ನೌಕರನಿಗೆ ಕೂಲಿ ಕೊಟ್ಟು, ವಿಮಾನದಲ್ಲಿ ಅಮೆರಿಕಕ್ಕೆ ಕಳಿಸಿ, ವಾಪಸ್ ಕರೆಸಿಕೊಳ್ಳಬಹುದಿತ್ತು. ಅದೂ ಒಮ್ಮೆಯಲ್ಲ, ಎರಡು ಬಾರಿ.

ವಿಚಾರಣೆ ಅಲ್ಲಿಗೇ ನಿಲ್ಲಲಿಲ್ಲ. 2013ರ ಫೆಬ್ರುವರಿಯಲ್ಲಿ ಸಮಿತಿ ಆಪಲ್, ಮೈಕ್ರೋಸಾಫ್ಟ್, ಅಡೋಬಿ ಮೂರಕ್ಕೂ ಸಮನ್ಸ್ ಕಳಿಸಿತು. ಅದರ ಬೆನ್ನಲ್ಲೇ ಅಡೋಬಿ ತನ್ನ ಕ್ರಿಯೇಟಿವ್ ಕ್ಲೌಡ್ ಚಂದಾದ ಮಾಸಿಕ ದರವನ್ನು 62.99ರಿಂದ 49.99 ಆಸ್ಟ್ರೇಲಿಯನ್ ಡಾಲರ್‌ಗೆ ಇಳಿಸಿತು. ರಾತ್ರೋರಾತ್ರಿ ಸಾಫ್ಟ್‌ವೇರ್ ತಯಾರಿಸುವ ಖರ್ಚು ಕಡಿಮೆಯಾಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಂಗಡಿ ಬಾಡಿಗೆ, ಸಿಬ್ಬಂದಿ ಸಂಬಳ, ತೆರಿಗೆ, ಚಿಕ್ಕ ಮಾರುಕಟ್ಟೆ ಎಂದು ಕಂಪನಿಗಳು ಕಾರಣ ಕೊಟ್ಟವು. ಇಂಟರ್ನೆಟ್‌ನಿಂದ ನೇರವಾಗಿ ಇಳಿಸಿಕೊಳ್ಳುವ ಸರಕಿಗೆ ಅಂಗಡಿ ಬಾಡಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮಾತ್ರ ಸಮಾಧಾನಕರ ಉತ್ತರ ಸಿಗಲಿಲ್ಲ. ಅದೇ ವರ್ಷ ಜುಲೈನಲ್ಲಿ ಬಂದ ಸಮಿತಿಯ ವರದಿ, ಆಸ್ಟ್ರೇಲಿಯನ್ನರು ಒಂದೇ ಸರಕಿಗೆ ಬೇರೆ ದೇಶದವರಿಗಿಂತ ಹಲವು ಬಾರಿ ಶೇ. 50ರಿಂದ 100ರಷ್ಟು ಹೆಚ್ಚು ತೆರುತ್ತಿದ್ದಾರೆ ಎಂದು ಹೇಳಿತು. ಜನ ಅದಕ್ಕೆ ಮೊದಲೇ ‘ಆಸ್ಟ್ರೇಲಿಯಾ ಟ್ಯಾಕ್ಸ್’ ಎಂದು ಹೆಸರಿಟ್ಟಿದ್ದರು.

ಭಾರತದ ಕಥೆ ಇದರ ತದ್ವಿರುದ್ಧ ಎಂದು ಅನೇಕರು ನಂಬಿದ್ದಾರೆ. ಇಲ್ಲಿ ಎಲ್ಲವೂ ಅಗ್ಗ ಎಂಬುದು ಅವರ ಲೆಕ್ಕ. ಅದು ಅರ್ಧ ಮಾತ್ರ ನಿಜ. ಮನರಂಜನೆಯ ಸರಕು ಇಲ್ಲಿ ನಿಜಕ್ಕೂ ಅಗ್ಗ. ಆದರೆ ಹೊಟ್ಟೆಪಾಡಿಗೆ ಬೇಕಾದ ಸಾಫ್ಟ್‌ವೇರ್, ಅಂದರೆ ವಿನ್ಯಾಸ, ಪ್ರೋಗ್ರಾಮಿಂಗ್, ವಿಡಿಯೊ ಸಂಕಲನ, ಎಐ ಮುಂತಾದವು, ಬಹಳ ಸಲ ಅಮೆರಿಕದಷ್ಟೇ ಬೆಲೆಗೆ ಸಿಗುತ್ತವೆ. ತೆರಿಗೆ, ಕಾರ್ಡ್ ಶುಲ್ಕ ಸೇರಿದರೆ ಅದಕ್ಕಿಂತ ತುಸು ಹೆಚ್ಚೇ ಆಗುತ್ತದೆ.

ಬೆಲೆ ನಿರ್ಧಾರವಾಗುವುದು ಹೇಗೆ?

ಸಾಫ್ಟ್‌ವೇರಿನ ಮೊದಲ ಪ್ರತಿ ತಯಾರಿಸಲು ಕೋಟಿಗಟ್ಟಲೆ ಖರ್ಚಾಗುತ್ತದೆ. ಎರಡನೆಯ ಪ್ರತಿಗೆ ಹೆಚ್ಚುಕಡಿಮೆ ಏನೂ ಖರ್ಚಿಲ್ಲ. ಹೀಗಾಗಿ ‘ಖರ್ಚಿನ ಮೇಲೆ ಇಷ್ಟು ಲಾಭ’ ಎಂಬ ಕಿರಾಣಿ ಅಂಗಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಂಪನಿ ನೋಡುವುದು ಒಂದನ್ನೇ: ಈ ಊರಿನ ಗ್ರಾಹಕ ಎಷ್ಟು ಕೊಡಬಲ್ಲ? ಅಮೆರಿಕದಲ್ಲಿ 60 ಡಾಲರ್‌ಗೆ ಮಾರುವುದನ್ನು ಭಾರತದಲ್ಲಿ 30 ಡಾಲರ್‌ಗೆ ಕೊಟ್ಟರೂ ಅದಕ್ಕೆ ನಷ್ಟವಿಲ್ಲ. 60 ಡಾಲರ್ ಎಂದರೆ ಕೊಳ್ಳದೇ ಇರುತ್ತಿದ್ದವನಿಂದ ಬಂದ ಆ 30 ಡಾಲರ್ ಪೂರ್ತಿ ಹೆಚ್ಚುವರಿ ಆದಾಯ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಬೆಲೆ ತಾರತಮ್ಯ ಎಂಬ ಹೆಸರಿದೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ 1920ರಷ್ಟು ಹಿಂದೆಯೇ ಇದನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದ. ಕೊಳ್ಳುವವರನ್ನು ಗುಂಪು ಮಾಡಿ ಗುಂಪಿಗೊಂದು ದರ ಹಾಕುವುದು ಅದರಲ್ಲಿ ಮೂರನೆಯದು. ಸಿನಿಮಾ ಮಂದಿರದ ವಿದ್ಯಾರ್ಥಿ ರಿಯಾಯಿತಿಯೂ ಇದೇ, ದೇಶಕ್ಕೊಂದು ದರವೂ ಇದೇ. ಭಾರತದ ಕಂಪನಿಗಳೂ ಇದಕ್ಕೆ ಹೊರತಲ್ಲ. ಚೆನ್ನೈನ ಜೊಹೊ ತನ್ನ ಸಾಫ್ಟ್‌ವೇರ್‌ಗಳನ್ನು ಭಾರತದಲ್ಲಿ ರೂಪಾಯಿ ದರದಲ್ಲಿ, ಅಮೆರಿಕಕ್ಕಿಂತ ಕಡಿಮೆಗೇ ಮಾರುತ್ತದೆ.

ಈ ವ್ಯವಸ್ಥೆ ನಿಲ್ಲಬೇಕಾದರೆ ಒಂದು ಷರತ್ತಿದೆ. ಅಗ್ಗದ ಊರಲ್ಲಿ ಕೊಂಡದ್ದು ದುಬಾರಿ ಊರಿಗೆ ಸೋರಿ ಹೋಗಬಾರದು. ಎಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಅರ್ಥವಾದೀತು. ಅಮೆರಿಕದ ಪಠ್ಯಪುಸ್ತಕಗಳ ಅಗ್ಗದ ಭಾರತೀಯ ಆವೃತ್ತಿಯ ರಕ್ಷಾಪುಟದ ಮೇಲೆ ‘ಭಾರತ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳಲ್ಲಿ ಮಾತ್ರ ಮಾರಾಟಕ್ಕೆ’ ಎಂಬರ್ಥದ ಸಾಲು ಅಚ್ಚಾಗಿರುತ್ತಿತ್ತು. ಥಾಯ್ಲೆಂಡ್‌ನಿಂದ ಅಮೆರಿಕಕ್ಕೆ ಓದಲು ಹೋದ ವಿದ್ಯಾರ್ಥಿಯೊಬ್ಬ ತನ್ನ ಊರಿನಿಂದ ಇಂಥ ಅಗ್ಗದ ಪುಸ್ತಕಗಳನ್ನು ತರಿಸಿ ಅಲ್ಲಿ ಮಾರಿದ. ಪ್ರಕಾಶಕರು ಕೋರ್ಟಿಗೆ ಹೋದರು. 2013ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ವಿದ್ಯಾರ್ಥಿಯ ಪರ ತೀರ್ಪು ಕೊಟ್ಟಿತು. ನ್ಯಾಯವಾಗಿ ಕೊಂಡ ಪ್ರತಿಯನ್ನು ಮತ್ತೆ ಮಾರುವ ಹಕ್ಕು, ಅದು ಯಾವ ದೇಶದಲ್ಲಿ ಅಚ್ಚಾಗಿದ್ದರೂ, ಕೊಂಡವನದೇ.

ಸಾಫ್ಟ್‌ವೇರ್ ಕಂಪನಿಗಳಿಗೆ ಈ ತೀರ್ಪು ಅಷ್ಟಾಗಿ ತಟ್ಟಲಿಲ್ಲ. ಪುಸ್ತಕವನ್ನು ಮಾರುತ್ತಾರೆ, ಸಾಫ್ಟ್‌ವೇರನ್ನು ಬಳಸಲು ಪರವಾನಗಿ ಕೊಡುತ್ತಾರೆ ಅಷ್ಟೆ. ‘ಒಪ್ಪುತ್ತೇನೆ’ ಎಂಬ ಗುಂಡಿ ಒತ್ತಿದವರು ಯಾವ ದೇಶದಲ್ಲಿ ಬಳಸಬೇಕು, ಮತ್ತೊಬ್ಬರಿಗೆ ಕೊಡಬಹುದೇ ಎಂಬ ಷರತ್ತುಗಳಿಗೂ ಒಪ್ಪಿರುತ್ತಾರೆ. ಜೊತೆಗೆ ಬೀಗವೂ ಇದೆ: ಅನೇಕ ಸಾಫ್ಟ್‌ವೇರ್‌ಗಳು ಸರ್ವರನ್ನು ಕೇಳಿಕೊಂಡೇ ತೆರೆದುಕೊಳ್ಳುತ್ತವೆ.

ಯುರೋಪ್ ಒಕ್ಕೂಟ ಮಾತ್ರ ಈ ಬೀಗವನ್ನು ತನ್ನ ಗಡಿಯೊಳಗೆ ಒಪ್ಪಲಿಲ್ಲ. ಪೋಲೆಂಡ್, ಹಂಗರಿಯಂಥ ದೇಶಗಳಲ್ಲಿ ಅಗ್ಗವಾಗಿ ಕೊಂಡ ಪಿಸಿ ಗೇಮ್‌ಗಳು ಒಕ್ಕೂಟದ ಬೇರೆ ದೇಶಗಳಲ್ಲಿ ತೆರೆಯದಂತೆ ಮಾಡಿದ್ದಕ್ಕೆ ಯುರೋಪಿಯನ್ ಕಮಿಷನ್ 2021ರ ಜನವರಿಯಲ್ಲಿ, ಸ್ಟೀಮ್ ಮಳಿಗೆಯ ಒಡೆತನದ ವಾಲ್ವ್ ಮತ್ತು ಐದು ಪ್ರಕಾಶಕ ಸಂಸ್ಥೆಗಳಿಗೆ ಒಟ್ಟು 78 ಲಕ್ಷ ಯುರೋ ದಂಡ ಹಾಕಿತು. ವಾಲ್ವ್ ಪಾಲಿನದು 16 ಲಕ್ಷ. ಅದು ಮೇಲ್ಮನವಿ ಹೋದರೂ 2023ರಲ್ಲಿ ಸೋತಿತು. ಒಕ್ಕೂಟದ ಹೊರಗಿನವರಿಗೆ, ಅಂದರೆ ಭಾರತದವರಿಗೆ, ಈ ರಕ್ಷಣೆ ಅನ್ವಯಿಸುವುದಿಲ್ಲ.

ಬೆಲೆ ಇಳಿಸುವ ಬದಲು ಸೌಲಭ್ಯ ಇಳಿಸುವುದು

ಬಡ ಮಾರುಕಟ್ಟೆಗೆ ಬೆಲೆ ಇಳಿಸಿದರೆ ಸೋರಿಕೆಯ ಭಯ. ಇಳಿಸದಿದ್ದರೆ ನಕಲು ಪ್ರತಿಗಳ ಕಾಟ. ಈ ಇಕ್ಕಟ್ಟಿಗೆ ಕಂಪನಿಗಳು ಕಂಡುಕೊಂಡ ದಾರಿ, ಕಡಿಮೆ ಬೆಲೆಗೆ ಕಡಿಮೆ ಸರಕು.

ಮೈಕ್ರೋಸಾಫ್ಟ್ 2004ರಲ್ಲಿ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾಗಳಿಗೆಂದು ವಿಂಡೋಸ್ ಎಕ್ಸ್‌ಪಿ ಸ್ಟಾರ್ಟರ್ ಎಡಿಷನ್ ಪ್ರಕಟಿಸಿತು. ಮರುವರ್ಷ ಅದು ಹಿಂದಿಯಲ್ಲಿ ಭಾರತಕ್ಕೂ ಬಂತು. ಸ್ಥಳೀಯ ಭಾಷೆಯಲ್ಲಿ ಸಹಾಯದ ಪಾಠಗಳಿದ್ದವು, ಬೆಲೆಯೂ ಕಡಿಮೆ. ಆದರೆ ಒಂದೇ ಸಲಕ್ಕೆ ಮೂರಕ್ಕಿಂತ ಹೆಚ್ಚು ಪ್ರೋಗ್ರಾಂ ತೆರೆಯಲು ಬಿಡುತ್ತಿರಲಿಲ್ಲ. ನಾಲ್ಕನೆಯದನ್ನು ತೆರೆಯಲು ಹೋದರೆ ಮೊದಲು ಒಂದನ್ನು ಮುಚ್ಚಬೇಕು. ಕಂಪ್ಯೂಟರಿಗೆ ಆ ಶಕ್ತಿ ಇಲ್ಲವೆಂದಲ್ಲ. ಬೇಕೆಂದೇ ಹಾಕಿದ ಕಟ್ಟು. ಅಮೆರಿಕದ ಗ್ರಾಹಕನಿಗೆ ಅದು ಆಕರ್ಷಕವಾಗಿ ಕಾಣಬಾರದು ಎಂಬುದೇ ಅದರ ಉದ್ದೇಶವಾಗಿತ್ತು ಎಂದರೆ ತಪ್ಪಾಗದು. ನಕಲಿ ಸಿಡಿಯಲ್ಲಿ ಪೂರ್ಣ ವಿಂಡೋಸೇ ಸಿಗುತ್ತಿದ್ದ ಕಾಲದಲ್ಲಿ ಈ ಮೊಟಕು ಆವೃತ್ತಿಯ ಮೇಲೆ ಟೀಕೆ ಬಂದದ್ದು ಸಹಜ. ವಿಂಡೋಸ್ 7 ಸ್ಟಾರ್ಟರ್ ಬರುವ ಹೊತ್ತಿಗೆ ಮೂರು ಪ್ರೋಗ್ರಾಂಗಳ ಮಿತಿಯನ್ನು ಕೈಬಿಡಲಾಯಿತು.

ತಂತ್ರ ಮಾತ್ರ ಉಳಿಯಿತು. ನೆಟ್‌ಫ್ಲಿಕ್ಸ್ 2019ರಲ್ಲಿ ಭಾರತಕ್ಕೆ ತಂದ 199 ರೂಪಾಯಿಯ ಮೊಬೈಲ್ ಪ್ಲಾನ್ (2021ರ ಡಿಸೆಂಬರ್‌ನಿಂದ 149) ಅದರ ಮರಿ. ಟಿವಿಯಲ್ಲಿ ನೋಡುವ ಅಭ್ಯಾಸವಿರುವ ಅಮೆರಿಕದವರಿಗೆ ಅದು ಬೇಡ. ಓಪನ್‌ಎಐ 2025ರ ಆಗಸ್ಟ್‌ನಲ್ಲಿ ಮೊದಲು ಭಾರತದಲ್ಲೇ ಬಿಡುಗಡೆ ಮಾಡಿದ 399 ರೂಪಾಯಿಯ ಚಾಟ್‌ಜಿಪಿಟಿ ಗೋ ಕೂಡ ಅದೇ ಜಾತಿಯದು. ಅಮೆರಿಕದಲ್ಲಿ 20 ಡಾಲರ್ ಇರುವ ಪ್ಲಸ್ ಚಂದಾಕ್ಕೆ ಇಲ್ಲಿ ಆಗ ಇಟ್ಟ ದರ 1,999 ರೂಪಾಯಿ.

ಈ ಎರಡು ಅಂಕಿಗಳ ನಡುವೆ ಒಂದು ಸ್ವಾರಸ್ಯವಿದೆ. ವಿಶ್ವಬ್ಯಾಂಕ್ ಬಳಸುವ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಅಮೆರಿಕದಲ್ಲಿ ಒಂದು ಡಾಲರ್‌ಗೆ ಬರುವಷ್ಟು ಸರಕು ಭಾರತದಲ್ಲಿ ಸುಮಾರು 20 ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಆ ಪ್ರಕಾರ 20 ಡಾಲರ್ ಎಂದರೆ 400 ರೂಪಾಯಿ. ಅಂದರೆ ಪೂರ್ಣ ಸೇವೆಗೆ ಇಲ್ಲಿ ‘ನ್ಯಾಯವಾದ’ ದರ ಎಷ್ಟಿರಬಹುದಿತ್ತೋ, ಅಷ್ಟಕ್ಕೆ ಮೊಟಕು ಸೇವೆ ಸಿಕ್ಕಿತು.

20 ಡಾಲರ್ ಇಲ್ಲಿಗೆ ಬರುವಷ್ಟರಲ್ಲಿ

ಧಾರವಾಡದಿಂದ ಪುಣೆಗೆ ಬಂದು ಮನೆಯಿಂದಲೇ ಪುಸ್ತಕ ವಿನ್ಯಾಸದ ಕೆಲಸ ಮಾಡುವ ಒಬ್ಬರನ್ನು ಉದಾಹರಣೆಗೆ ಊಹಿಸಿಕೊಳ್ಳಿ. ತಿಂಗಳಿಗೆ 20 ಡಾಲರ್‌ನ ಒಂದು ಸಾಫ್ಟ್‌ವೇರ್ ಬೇಕಾಗಿದೆ, ಅದಕ್ಕೆ ರೂಪಾಯಿ ದರ ಇಲ್ಲ. ಲೆಕ್ಕ ಸುಲಭವಾಗಲೆಂದು ಡಾಲರ್‌ಗೆ 90 ರೂಪಾಯಿ ಎಂದಿಟ್ಟುಕೊಂಡರೆ ಮೂಲ ಬೆಲೆ 1,800. ಅದರ ಮೇಲೆ ಶೇ. 18 ಐಜಿಎಸ್‌ಟಿ 324 ರೂಪಾಯಿ. ಒಟ್ಟು 2,124. ವಿದೇಶಿ ಕರೆನ್ಸಿ ವಹಿವಾಟಿಗೆ ಅನೇಕ ಕ್ರೆಡಿಟ್ ಕಾರ್ಡ್‌ಗಳು ಹಾಕುವ ಶುಲ್ಕ ಶೇ. 3.5ರ ಆಸುಪಾಸು, ಅಂದರೆ 74 ರೂಪಾಯಿ. ಆ ಶುಲ್ಕದ ಮೇಲೆ ಮತ್ತೆ ಜಿಎಸ್‌ಟಿ 13 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿ ಕಾಣುವುದು 2,211 ರೂಪಾಯಿ ಚಿಲ್ಲರೆ. ಡಾಲರ್ ದರಕ್ಕಿಂತ ಶೇ. 23ರಷ್ಟು ಹೆಚ್ಚು.

ಇದನ್ನು ದುಡಿಮೆಯ ಗಂಟೆಗಳಲ್ಲಿ ನೋಡಿದರೆ ಅಂತರ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, ಆ ಕನಿಷ್ಠ ಕೂಲಿಯವನಿಗೂ 20 ಡಾಲರ್ ಮೂರು ಗಂಟೆಯ ದುಡಿಮೆಗಿಂತ ಕಡಿಮೆ. ತಿಂಗಳಿಗೆ 20,000 ರೂಪಾಯಿ ದುಡಿಯುವ ಪುಣೆಯ ವಿನ್ಯಾಸಕಾರರಿಗೆ, 26 ದಿನ ಎಂಟೆಂಟು ಗಂಟೆ ಕೆಲಸ ಎಂದು ಹಿಡಿದರೂ, 2,211 ರೂಪಾಯಿ ಎಂದರೆ 23 ಗಂಟೆ. ಹೆಚ್ಚುಕಡಿಮೆ ಮೂರು ದಿನದ ದುಡಿಮೆ, ಪ್ರತಿ ತಿಂಗಳೂ. ಅದೇ ಸಾಫ್ಟ್‌ವೇರ್ ಬಳಸುವ ಅಮೆರಿಕದ ವಿನ್ಯಾಸಕಾರನ ಜೊತೆಗೇ ಅವರು ಆನ್‌ಲೈನ್ ಕೆಲಸಗಳಿಗೆ ಪೈಪೋಟಿ ಮಾಡಬೇಕು.

ಇಲ್ಲಿ ಜಿಎಸ್‌ಟಿಯ ಒಂದು ನಿಯಮ ತಿಳಿದಿರುವುದು ಒಳ್ಳೆಯದು. ವಿದೇಶಿ ಆನ್‌ಲೈನ್ ಸೇವೆಗಳನ್ನು ಜನಸಾಮಾನ್ಯರು ಕೊಂಡರೂ ತೆರಿಗೆ ಕಟ್ಟಬೇಕು ಎಂಬುದು ಸೇವಾ ತೆರಿಗೆಯ ಕಾಲದಲ್ಲೇ, 2016ರ ಡಿಸೆಂಬರ್ 1ರಿಂದ, ಶೇ. 15ರ ದರದಲ್ಲಿ ಬಂದಿತ್ತು. 2017ರ ಜುಲೈನಿಂದ ಅದು ಶೇ. 18 ಆಯಿತು. ಕೊಳ್ಳುವವರು ಜಿಎಸ್‌ಟಿ ನೋಂದಣಿ ಇಲ್ಲದವರಾದರೆ ವಿದೇಶಿ ಕಂಪನಿಯೇ ತೆರಿಗೆ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುತ್ತದೆ. ಆ ಹಣ ಗ್ರಾಹಕರಿಗೆ ಮರಳಿ ಬರುವುದಿಲ್ಲ. ನೋಂದಣಿ ಇದ್ದವರು ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ಖಾತೆಯ ಬಿಲ್ಲಿಂಗ್ ವಿವರದಲ್ಲಿ ನಮೂದಿಸಿದರೆ ಕಂಪನಿ ತೆರಿಗೆ ಹಾಕುವುದಿಲ್ಲ. ಅವರೇ ರಿವರ್ಸ್ ಚಾರ್ಜ್ ಪ್ರಕಾರ ಕಟ್ಟಿ, ವ್ಯವಹಾರದ ಬಳಕೆಯಾದರೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಸಂಖ್ಯೆ ಇದ್ದೂ ನಮೂದಿಸದೆ ವರ್ಷಗಟ್ಟಲೆ ಶೇ. 18 ಕಳೆದುಕೊಳ್ಳುವ ಸಣ್ಣ ಉದ್ಯಮಿಗಳಿದ್ದಾರೆ. ಐದು ನಿಮಿಷದ ಕೆಲಸ ಅದು.

ಇನ್ನೊಂದು ತೆರಿಗೆ ಗ್ರಾಹಕರ ಕಣ್ಣಿಗೆ ಬೀಳದೆ ಬಂದು ಹೋಯಿತು. ವಿದೇಶಿ ಇ–ಕಾಮರ್ಸ್ ಕಂಪನಿಗಳ ಮೇಲೆ 2020ರ ಏಪ್ರಿಲ್‌ನಿಂದ ಇದ್ದ ಶೇ. 2ರ ಈಕ್ವಲೈಸೇಷನ್ ಲೆವಿ 2024ರ ಆಗಸ್ಟ್ 1ರಿಂದ ರದ್ದಾಗಿದೆ. ಅದನ್ನು ಕಾರಣವಾಗಿಟ್ಟುಕೊಂಡು ಏರಿಸಿದ ದರ ಇಳಿದಿದೆಯೇ ಎಂದು ಹಳೆಯ ಬಿಲ್ ತೆಗೆದು ನೋಡಬಹುದು.

ಹಣ ಕಟ್ಟುವ ರೀತಿಯೂ ಬೆಲೆಯ ಮೇಲೆ ಪರಿಣಾಮ ಬೀರುತ್ತದೆ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಚಂದಾಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಾದಾಗ ಸಾವಿರಾರು ವಿದೇಶಿ ಚಂದಾಗಳು ಏಕಾಏಕಿ ನಿಂತವು. ಮೊದಲಿಗೆ 5,000 ರೂಪಾಯಿ ಇದ್ದ ಮಿತಿ 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಪ್ರತಿ ಬಾರಿ ಒಟಿಪಿ ಬೇಕು. ವಾರ್ಷಿಕ ಚಂದಾ ತಿಂಗಳ ಚಂದಾಕ್ಕಿಂತ ಅಗ್ಗವಾದರೂ, ನವೀಕರಣದ ದಿನ ಕಾರ್ಡ್ ತಿರಸ್ಕೃತವಾಗಿ ಹಳೆಯ ರಿಯಾಯಿತಿ ದರ ಕೈತಪ್ಪುವ ಅಪಾಯ ಇರುವುದು ಇಲ್ಲೇ. ಆಪಲ್ 2022ರಲ್ಲಿ ತನ್ನ ಆ್ಯಪ್ ಸ್ಟೋರ್‌ಗೆ ಭಾರತದ ಕಾರ್ಡ್‌ಗಳನ್ನು ಸ್ವೀಕರಿಸುವುದನ್ನೇ ಬಿಟ್ಟು ಯುಪಿಐ, ನೆಟ್ ಬ್ಯಾಂಕಿಂಗ್ ಮತ್ತು ಖಾತೆಯ ಬ್ಯಾಲೆನ್ಸ್‌ಗೆ ಹೊರಳಿತು.

ಕರ್ನಾಟಕದಿಂದ ಹೊರಟ ಹತ್ತು ವರ್ಷದ ವ್ಯಾಜ್ಯ

ಕಂಪನಿಗಳು ದೊಡ್ಡ ಮೊತ್ತದ ಸಾಫ್ಟ್‌ವೇರ್ ತರಿಸಿಕೊಳ್ಳುವಾಗ ಬೆಲೆ ಏರಿಸಿದ್ದು ಬೇರೊಂದು ವಿವಾದ. ವಿದೇಶದ ಸಾಫ್ಟ್‌ವೇರಿಗೆ ಕೊಡುವ ಹಣ ಸರಕಿನ ಬೆಲೆಯೋ, ಹಕ್ಕುಸ್ವಾಮ್ಯದ ರಾಯಧನವೋ? ಸರಕಿನ ಬೆಲೆಯಾದರೆ, ಇಲ್ಲಿ ಕಚೇರಿ ಇಲ್ಲದ ವಿದೇಶಿ ಮಾರಾಟಗಾರನಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ರಾಯಧನವಾದರೆ ಕೊಳ್ಳುವವರೇ ಟಿಡಿಎಸ್ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು.

2011ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್ ಮತ್ತಿತರ ಪ್ರಕರಣಗಳಲ್ಲಿ ಅದು ರಾಯಧನವೇ ಎಂದು ತೀರ್ಪು ನೀಡಿತು. ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಸಾಫ್ಟ್‌ವೇರಿಗೂ ಅದು ಅನ್ವಯವಾಯಿತು. ಕಾಗದದ ಮೇಲೆ ತೆರಿಗೆ ವಿದೇಶಿ ಕಂಪನಿಯದು. ಆದರೆ ಅನೇಕ ಒಪ್ಪಂದಗಳಲ್ಲಿ ‘ನಮಗೆ ಪೂರ್ತಿ ಹಣ ತಲುಪಬೇಕು, ತೆರಿಗೆ ನಿಮ್ಮದು’ ಎಂಬ ಷರತ್ತು ಇರುತ್ತದೆ. ಹಾಗಾದಾಗ 100 ರೂಪಾಯಿ ಕಳಿಸಲು, ಶೇ. 10ರ ತೆರಿಗೆಯಾದರೂ, ಇಲ್ಲಿಯ ಕಂಪನಿಗೆ 111 ರೂಪಾಯಿ ಖರ್ಚು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಕ್ಕೆ, ಅದರಲ್ಲೂ ವಿದೇಶಿ ಉಪಕರಣಗಳನ್ನು ನಂಬಿದ ಸಣ್ಣ ಎಂಜಿನಿಯರಿಂಗ್ ಸಂಸ್ಥೆಗಳಿಗೆ, ಇದು ಹತ್ತು ವರ್ಷ ಕಾಡಿದ ತಲೆನೋವು.

2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ‘ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್’ ಪ್ರಕರಣದಲ್ಲಿ ಆ ನಿಲುವನ್ನು ತಳ್ಳಿಹಾಕಿತು. ಬಳಕೆದಾರನಿಗೆ ಸಿಗುವುದು ಸಾಫ್ಟ್‌ವೇರ್ ಬಳಸುವ ಪರವಾನಗಿ ಮಾತ್ರ. ಹಕ್ಕುಸ್ವಾಮ್ಯದ ಯಾವ ಹಕ್ಕೂ ಅವನಿಗೆ ವರ್ಗಾವಣೆಯಾಗುವುದಿಲ್ಲ. ಹಾಗಾಗಿ ಅದು ರಾಯಧನವಲ್ಲ, ಟಿಡಿಎಸ್ ಬೇಕಿಲ್ಲ. ಮರುಮಾರಾಟದ ಹಕ್ಕನ್ನು ಕಸಿದುಕೊಳ್ಳಲು ಕಂಪನಿಗಳು ಬಳಸುವ ‘ಇದು ಬರೀ ಪರವಾನಗಿ’ ಎಂಬ ವಾದವೇ ತೆರಿಗೆಯ ವಿಷಯದಲ್ಲಿ ಭಾರತದ ಕೊಳ್ಳುಗರಿಗೆ ನೆರವಾದದ್ದು ತಮಾಷೆಯೇ ಸರಿ.

ಅಗ್ಗದ ಬೆಲೆ ಶಾಶ್ವತವಲ್ಲ

ಸ್ಟೀಮ್ ಮಳಿಗೆ ಭಾರತಕ್ಕೆ ರೂಪಾಯಿ ದರ ತಂದದ್ದು 2015ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಇಲ್ಲಿನವರು ಡಾಲರ್‌ನಲ್ಲಿ ಕೊಡಬೇಕಿತ್ತು. 2020ರ ಕೊನೆಯಲ್ಲಿ ಬಂದ ಸೈಬರ್‌ಪಂಕ್ 2077 ಗೇಮ್‌ಗೆ ಅಮೆರಿಕದಲ್ಲಿ 59.99 ಡಾಲರ್, ಅಂದಿನ ವಿನಿಮಯ ದರದಲ್ಲಿ ಸುಮಾರು 4,400 ರೂಪಾಯಿ. ಭಾರತದಲ್ಲಿ ಜಿಎಸ್‌ಟಿ ಸೇರಿ 2,999. ತೆರಿಗೆ ಕಳೆದರೆ ಮಾರಾಟಗಾರರಿಗೆ ಉಳಿಯುವುದು 2,541 ರೂಪಾಯಿ.

ಆದರೆ ಸ್ಥಳೀಯ ದರ ಎಂಬುದು ಕಂಪನಿಯ ಅನುಗ್ರಹ, ಗ್ರಾಹಕರ ಹಕ್ಕಲ್ಲ. ಅರ್ಜೆಂಟೀನಾ ಮತ್ತು ಟರ್ಕಿಯವರಿಗೆ ಇದು ಚೆನ್ನಾಗಿ ಅನುಭವಕ್ಕೆ ಬಂತು. ಪೆಸೊ, ಲಿರಾ ಎರಡೂ ಕುಸಿಯುತ್ತ ಹೋದಂತೆ ಅಲ್ಲಿ ಗೇಮ್‌ಗಳು ಡಾಲರ್ ಲೆಕ್ಕದಲ್ಲಿ ಪುಕ್ಕಟೆಯಷ್ಟು ಅಗ್ಗವಾದವು. ಜಗತ್ತಿನ ಎಲ್ಲೆಡೆಯ ಜನ ತಮ್ಮ ಖಾತೆಯ ದೇಶವನ್ನು ಅರ್ಜೆಂಟೀನಾ ಎಂದು ಬದಲಿಸಿಕೊಳ್ಳತೊಡಗಿದರು. ವಾಲ್ವ್ ಮೊದಲು, 2021ರಲ್ಲಿ, ಮೂರು ತಿಂಗಳಿಗೆ ಒಮ್ಮೆ ಮಾತ್ರ ದೇಶ ಬದಲಿಸಬಹುದೆಂದು ನಿಯಮ ಮಾಡಿತು. ಕೊನೆಗೆ 2023ರ ನವೆಂಬರ್ 20ರಿಂದ ಆ ಎರಡೂ ಕರೆನ್ಸಿಗಳನ್ನೇ ಕೈಬಿಟ್ಟು ಡಾಲರ್ ದರ ತಂದಿತು. ಅನೇಕ ಗೇಮ್‌ಗಳ ಬೆಲೆ ಒಂದೇ ದಿನದಲ್ಲಿ ಹಲವು ಪಟ್ಟು ಏರಿತು. ಎಲ್ಲಿಂದಲೋ ಬಂದು ಅಗ್ಗದ ದರ ಬಾಚಿಕೊಂಡವರ ದೆಸೆಯಿಂದಲೂ ಪೆಟ್ಟು ತಿಂದದ್ದು, ಹಣದುಬ್ಬರದಲ್ಲಿ ಮೊದಲೇ ಬಳಲಿದ್ದ ಅಲ್ಲಿನ ಹುಡುಗರು.

ರೂಪಾಯಿ ಅಷ್ಟು ಕುಸಿದಿಲ್ಲ. ಆದರೂ 2015ರ ಕೊನೆಯಲ್ಲಿ 66ರ ಆಸುಪಾಸಿನಲ್ಲಿದ್ದ ಡಾಲರ್ ದರ ಹತ್ತು ವರ್ಷದಲ್ಲಿ 90ರ ಹತ್ತಿರಕ್ಕೆ ಬಂದಿದೆ. ರೂಪಾಯಿ ದರ ಇರುವ ಚಂದಾಗಳು ಆಗಾಗ ಏರುವುದಕ್ಕೆ ಇದೂ ಒಂದು ಕಾರಣ.

ವಿಪಿಎನ್ ಮತ್ತು 500 ರೂಪಾಯಿಯ ಕೀ

ದೇಶ ಬದಲಿಸಿ ತೋರಿಸುವ ವಿಪಿಎನ್ ಬಳಸುವುದು ಭಾರತದಲ್ಲಿ ಅಪರಾಧವಲ್ಲ. ಆದರೆ ಅಗ್ಗದ ಚಂದಾಕ್ಕಾಗಿ ಅದನ್ನು ಬಳಸಿದರೆ ಕಂಪನಿಯ ಷರತ್ತು ಮುರಿದಂತೆ. ಕಂಪನಿ ನೋಡುವುದು ಇಂಟರ್ನೆಟ್ ವಿಳಾಸವನ್ನಷ್ಟೇ ಅಲ್ಲ. ಕಾರ್ಡ್ ಕೊಟ್ಟ ಬ್ಯಾಂಕು ಯಾವ ದೇಶದ್ದು ಎಂಬುದು ಕಾರ್ಡಿನ ಮೊದಲ ಅಂಕಿಗಳಲ್ಲೇ ಗೊತ್ತಾಗುತ್ತದೆ. 2024ರಲ್ಲಿ ಅಮೆರಿಕದಲ್ಲಿ 13.99 ಡಾಲರ್ ಇದ್ದ ಯೂಟ್ಯೂಬ್ ಪ್ರೀಮಿಯಂ ಭಾರತದಲ್ಲಿ 149 ರೂಪಾಯಿ ಇತ್ತು, ಸುಮಾರು ಎಂಟನೇ ಒಂದು ಭಾಗ. ಬೇರೆ ದೇಶದ ಹೆಸರಲ್ಲಿ ಹೀಗೆ ಅಗ್ಗದ ಚಂದಾ ಪಡೆದವರ ಖಾತೆಗಳನ್ನು ಯೂಟ್ಯೂಬ್ ಅದೇ ವರ್ಷ ಪತ್ತೆಹಚ್ಚಿ ರದ್ದುಮಾಡತೊಡಗಿತು.

ಇನ್ನು, ಆನ್‌ಲೈನ್‌ನಲ್ಲಿ ನಾಲ್ಕೈದು ನೂರು ರೂಪಾಯಿಗೆ ಸಿಗುವ ವಿಂಡೋಸ್, ಆಫೀಸ್ ಕೀಗಳು. ಇವುಗಳಲ್ಲಿ ಬಹುಪಾಲು ಯಾವುದೋ ಸಂಸ್ಥೆಗೆ ಸಗಟಾಗಿ ಕೊಟ್ಟವು, ಇಲ್ಲವೇ ಬೇರೆ ಕಂಪ್ಯೂಟರಿನ ಜೊತೆ ಬಂದವು, ಇಲ್ಲವೇ ಬೇರೆ ದೇಶಕ್ಕೆ ಮೀಸಲಾದವು. ಕೆಲವು ಕದ್ದ ಕಾರ್ಡಿನಿಂದ ಕೊಂಡವು. ಮೊದಲ ದಿನ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆರು ತಿಂಗಳ ಬಳಿಕ ಕೀ ನಿಷ್ಕ್ರಿಯವಾದಾಗ ಮಾರಿದವನ ಪತ್ತೆ ಇರುವುದಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಇದು ಬರೀ ಕಿರಿಕಿರಿ. ಬಿಲ್ ಇಲ್ಲದ ಸಾಫ್ಟ್‌ವೇರನ್ನು ವ್ಯವಹಾರಕ್ಕೆ ಬಳಸಿದರೆ ಹಕ್ಕುಸ್ವಾಮ್ಯ ಕಾಯ್ದೆಯ ಕುಣಿಕೆ ಇದೆ.

ಕಾನೂನಿನ ಒಳಗೇ ಇರುವ ಅಗ್ಗದ ದಾರಿಗಳು ಕಡಿಮೆಯೇನಿಲ್ಲ. ಜೆಟ್‌ಬ್ರೇನ್ಸ್, ಆಟೊಡೆಸ್ಕ್ ವಿದ್ಯಾರ್ಥಿಗಳಿಗೆ ಉಚಿತ ಪರವಾನಗಿ ಕೊಡುತ್ತವೆ. ಸಣ್ಣ ಸಾಫ್ಟ್‌ವೇರ್ ತಯಾರಕರಲ್ಲಿ ಅನೇಕರು ಭಾರತದಂಥ ದೇಶಗಳಿಗೆ ರಿಯಾಯಿತಿ ಕೂಪನ್ ಇಟ್ಟಿರುತ್ತಾರೆ. ವೆಬ್‌ಸೈಟಿನಲ್ಲಿ ಕಾಣದಿದ್ದರೆ ಒಂದು ಇಮೇಲ್ ಬರೆದು ಕೇಳಿದರೆ ಸಿಗುವುದುಂಟು. ಫೋಟೊ, ಅನಿಮೇಷನ್, ಕಚೇರಿ ಕೆಲಸಕ್ಕೆ ಗಿಂಪ್, ಬ್ಲೆಂಡರ್, ಲಿಬ್ರೆಆಫೀಸ್‌ಗಳಂಥ ಮುಕ್ತ ತಂತ್ರಾಂಶಗಳಿಗೆ ಯಾವ ದೇಶದಲ್ಲೂ ಬೆಲೆ ಇಲ್ಲ. ವಿದೇಶಿ ಕರೆನ್ಸಿ ಶುಲ್ಕ ಹಾಕದ ಕಾರ್ಡ್‌ಗಳೂ ಇವೆ. ಮೇಲಿನ ಉದಾಹರಣೆಯಲ್ಲಿ ಅದರಿಂದ ಉಳಿಯುವುದು ತಿಂಗಳಿಗೆ 87 ರೂಪಾಯಿ.

ಊರು ಬಿಟ್ಟು ಹೋಗುವವರಿಗೆ

ಪುಣೆ, ಹೈದರಾಬಾದ್‌ಗಳಿಂದ ಕೆಲಸಕ್ಕೆಂದು ಅಮೆರಿಕಕ್ಕೋ ಜರ್ಮನಿಗೋ ಹೋಗುವವರ ಹಳೆಯ ಖಾತೆಗಳ ಗತಿಯೇನು? ಕೊಂಡ ಗೇಮ್, ಆ್ಯಪ್‌ಗಳು ಸಾಮಾನ್ಯವಾಗಿ ಉಳಿಯುತ್ತವೆ. ಚಂದಾಗಳ ದರ ಬದಲಾಗುತ್ತದೆ. ಆಪಲ್ ಖಾತೆಯ ದೇಶ ಬದಲಿಸುವ ಮೊದಲು ಉಳಿದ ಬ್ಯಾಲೆನ್ಸ್ ಖರ್ಚು ಮಾಡಿ, ಚಾಲ್ತಿಯಲ್ಲಿರುವ ಚಂದಾಗಳನ್ನು ರದ್ದುಮಾಡಬೇಕು. ಗೂಗಲ್ ಪ್ಲೇಯಲ್ಲಿ ವರ್ಷಕ್ಕೆ ಒಮ್ಮೆ ಮಾತ್ರ ದೇಶ ಬದಲಿಸಬಹುದು, ಹಳೆಯ ದೇಶದ ಬ್ಯಾಲೆನ್ಸ್ ಹೊಸ ದೇಶದಲ್ಲಿ ನಡೆಯುವುದಿಲ್ಲ. ಭಾರತದಲ್ಲಿ ಕೊಂಡ ಕೆಲವು ಸಾಫ್ಟ್‌ವೇರ್ ಕೀಗಳನ್ನು ಇಲ್ಲಿಯೇ ಮೊದಲ ಬಾರಿ ಸಕ್ರಿಯಗೊಳಿಸಬೇಕೆಂಬ ನಿಯಮವಿರುತ್ತದೆ, ವಿಮಾನ ಹತ್ತುವ ಮುಂಚೆ ಆ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ತಮ್ಮ ಇಲ್ಲಿಂದ ಅಕ್ಕನ ಮಗನಿಗೆ ಗೇಮ್ ಉಡುಗೊರೆ ಕಳಿಸುವುದೂ ಈಗ ಸುಲಭವಲ್ಲ. ಎರಡು ದೇಶಗಳ ನಡುವೆ ಬೆಲೆಯ ಅಂತರ ದೊಡ್ಡದಿದ್ದರೆ ಸ್ಟೀಮ್ 2017ರಿಂದ ಅಂಥ ಉಡುಗೊರೆಯನ್ನು ತಡೆಯುತ್ತದೆ. ಅಮೆರಿಕದ ಅಕ್ಕ ತನ್ನ ಕಾರ್ಡಿನಿಂದ ಅಲ್ಲಿಯ ದರಕ್ಕೇ ಕೊಳ್ಳಬೇಕಾಗುತ್ತದೆ.